ಮೊಣಕೈಗೆ ಎರಡು ಇಂಜೆಕ್ಷನ್, ಆಮೇಲೆ ಹದಿನಾಲ್ಕು ವಾರ ಫಿಸಿಯೋ: ಡೊಂಬಿವಲಿಯ ಟೈಲರ್ ಅನುಭವ

ಟೆನ್ನಿಸ್ ಎಲ್ಬೋ ಅನ್ನೋ ಮೊಣಕೈ ನೋವಿಗೆ ಠಾಣೆಯ ನೌಪಾಡಾದಲ್ಲಿ ನಾನು ಹೋಗುತ್ತಿದ್ದ ಫಿಸಿಯೋ ಕ್ಲಿನಿಕ್‌ಗೆ ಐದರಲ್ಲಿ ನಾಲ್ಕೂವರೆ ಸ್ಟಾರ್. ಅದಕ್ಕೂ ಮೊದಲು ಹಾಕಿಸಿಕೊಂಡ ಎರಡು ಸ್ಟೀರಾಯ್ಡ್ ಇಂಜೆಕ್ಷನ್‌ಗೆ ಒಂದು. ಆ ಒಂದನ್ನೂ ಯಾಕೆ ಕೊಡುತ್ತಿದ್ದೇನೆ ಅಂದರೆ, ಗಣಪತಿ ಹಬ್ಬದ ಅರವತ್ತು ಬ್ಲೌಸ್ ಅದರ ಬಲದಲ್ಲೇ ಮುಗಿಯಿತು. ಆದರೆ ಅದಕ್ಕೆ ನಾನು ಕೊಟ್ಟ ಬೆಲೆ ಜಾಸ್ತಿ ಆಯಿತು. ಹೋಗುವ ಮುಂಚೆ ಯಾರಾದರೂ ನನಗೆ ಇದನ್ನೆಲ್ಲ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಅನ್ನಿಸಿದ್ದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನಾನು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಇಪ್ಪತ್ತೊಂದು ವರ್ಷವಾಯಿತು. ಊರು ಕುಂದಾಪುರದ ಹತ್ತಿರ, ವಯಸ್ಸು ನಲವತ್ತೇಳು, ಶುಗರ್ ಇದೆ, ಮಾತ್ರೆ ತಗೊಳ್ತೇನೆ. ಶುಗರ್ ವಿಷಯ ಸುಮ್ನೆ ಹೇಳುತ್ತಿಲ್ಲ, ಮುಂದೆ ಬರುತ್ತದೆ.

ನೋವು ಶುರುವಾಗಿದ್ದು 2024ರ ಜೂನ್‌ನಲ್ಲಿ. ಬಲಗೈ ಮೊಣಕೈಯ ಹೊರಗಡೆ ಒಂದು ಎಲುಬಿನ ಗಂಟು ಕೈಗೆ ಸಿಗುತ್ತದಲ್ವಾ, ಅದರ ಸ್ವಲ್ಪ ಮುಂದೆ. ಮೊದಲು ಅಸ್ತರ್ ಬಟ್ಟೆ ಮೂರು ಪದರ ಸೇರಿಸಿ ಕತ್ತರಿಸುವಾಗ ಮಾತ್ರ ಚುಚ್ಚುತ್ತಿತ್ತು. ಆಮೇಲೆ ಇಸ್ತ್ರಿ ಪೆಟ್ಟಿಗೆ ಎತ್ತುವಾಗ. ಆಮೇಲೆ ಬಟ್ಟೆ ಹಿಂಡುವಾಗ, ಬಾಗಿಲ ಚಿಲಕ ತಿರುಗಿಸುವಾಗ, ಕುಕ್ಕರ್ ಹಿಡಿ ಹಿಡಿಯುವಾಗ. ಆಗಸ್ಟ್ ಹೊತ್ತಿಗೆ ಚಹಾ ತುಂಬಿದ ಲೋಟ ಎತ್ತಿದರೂ ಮುಂಗೈಯಲ್ಲಿ ಬೆಂಕಿ ಹತ್ತಿದ ಹಾಗೆ ಆಗುತ್ತಿತ್ತು. ಬೆಳಿಗ್ಗೆ ಎದ್ದಾಗ ಕೈ ಬಿಡಿಸುವುದೇ ಕಷ್ಟ. ಊರಿನಿಂದ ಅತ್ತೆ ಕಳಿಸಿದ ಎಣ್ಣೆ ತಿಕ್ಕಿದೆ, ಬಿಸಿನೀರಿನ ಚೀಲ ಇಟ್ಟೆ. ಎಣ್ಣೆ ಹಚ್ಚಿದಾಗ ಹಿತವಾಗುತ್ತಿತ್ತು, ಕತ್ತರಿ ಹಿಡಿದ ಕೂಡಲೇ ಮತ್ತೆ ಅದೇ.

"ಇದು ಸಚಿನ್‌ಗೆ ಬಂದಿತ್ತಲ್ಲ ಅಕ್ಕ, ಅದೇ" ಅಂದ ಕೆಳಗಿನ ಮನೆಯ ಹುಡುಗ. ಅವನು ಹೇಳಿದ್ದು ಸರಿಯೇ. ತೆಂಡೂಲ್ಕರ್‌ಗೆ 2004ರಲ್ಲಿ ಟೆನ್ನಿಸ್ ಎಲ್ಬೋ ಆಗಿ, 2005ರ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ಆಪರೇಷನ್ ಆಯಿತು. ಆಗ ಮುಂಬೈಯಲ್ಲಿ ಮಕ್ಕಳಿಗೂ ಈ ಹೆಸರು ಬಾಯಿಪಾಠ. ಆದರೆ ಈ ನೋವು ಬರುವವರಲ್ಲಿ ಹೆಚ್ಚಿನವರು ಟೆನ್ನಿಸ್ ಬ್ಯಾಟೂ ಹಿಡಿದವರಲ್ಲ, ಕ್ರಿಕೆಟ್ ಬ್ಯಾಟೂ ಹಿಡಿದವರಲ್ಲ. ನಲವತ್ತು ಐವತ್ತರ ಆಸುಪಾಸಿನವರು, ಕೈ ಬಿಗಿಹಿಡಿದು ಒಂದೇ ಕೆಲಸ ಮಾಡುವವರು: ಬಡಗಿ, ಪ್ಲಂಬರ್, ಪೇಂಟರ್, ಅಡುಗೆಯವರು, ನನ್ನಂಥ ಟೈಲರ್‌ಗಳು. 1873ರಲ್ಲಿ ರುಂಗೆ ಅನ್ನೋ ಜರ್ಮನ್ ಡಾಕ್ಟರ್ ಮೊದಲು ಇದರ ಬಗ್ಗೆ ಬರೆದಾಗ ಬರೆದದ್ದು ಟೆನ್ನಿಸ್ ಬಗ್ಗೆ ಅಲ್ಲವಂತೆ, ಪೆನ್ನು ಹಿಡಿದು ಬರೆಯುವವರ ಕೈನೋವಿನ ಬಗ್ಗೆ. ಟೆನ್ನಿಸ್ ಹೆಸರು ಅಂಟಿಕೊಂಡಿದ್ದು ಹತ್ತು ವರ್ಷ ಕಳೆದ ಮೇಲೆ, ಇಂಗ್ಲೆಂಡ್‌ನಲ್ಲಿ. ಈ ಹೆಸರಿನಿಂದಾಗಿಯೇ ನಮ್ಮಂಥವರು ಇದು ನಮಗೆ ಬರುವ ಕಾಯಿಲೆ ಅಲ್ಲ ಅಂದುಕೊಂಡು ತಡಮಾಡುತ್ತೇವೆ ಅಂತ ನನಗೆ ಅನ್ನಿಸುತ್ತದೆ.

ಆಗಸ್ಟ್ ಮೊದಲ ವಾರ ನಮ್ಮವರು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ಎಕ್ಸ್‌ರೇ ಮಾಡಿಸಿದರು, ಅದರಲ್ಲಿ ಏನೂ ಇರಲಿಲ್ಲ. ಗಂಟಿನ ಹತ್ತಿರ ಒತ್ತಿದರು, ನಾನು ಕಿರುಚಿದೆ. "ಟೆನ್ನಿಸ್ ಎಲ್ಬೋ, ಒಂದು ಇಂಜೆಕ್ಷನ್ ಕೊಡ್ತೀನಿ, ಹಬ್ಬದ ಕೆಲಸ ಮಾಡಬಹುದು" ಅಂದರು. ಐದು ನಿಮಿಷದಲ್ಲಿ ಮುಗಿಯಿತು. ಸ್ಟೀರಾಯ್ಡ್ ಜೊತೆ ಮರಗಟ್ಟಿಸುವ ಔಷಧಿ ಸೇರಿಸಿ ಕೊಡುತ್ತಾರೆ, ಅದಕ್ಕೆ ಕೊಟ್ಟ ತಕ್ಷಣ ನೋವು ಮಾಯ. ಖುಷಿಯಿಂದ ರಿಕ್ಷಾ ಹತ್ತಿ ಬಂದೆ. ರಾತ್ರಿ ಮರಗಟ್ಟಿದ್ದು ಇಳಿದ ಮೇಲೆ ಎಂಥ ನೋವು ಅಂದರೆ, ಎರಡು ರಾತ್ರಿ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತೇ ಕಳೆದೆ. ಕೆಲವರಿಗೆ ಹೀಗೆ ಆಗುವುದುಂಟು, ಒಂದೆರಡು ದಿನದಲ್ಲಿ ಇಳಿಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಆಗ ಯಾರೂ ಹೇಳಿರಲಿಲ್ಲ. ಏನೋ ಎಡವಟ್ಟಾಗಿದೆ ಅಂತ ಹೆದರಿಕೊಂಡಿದ್ದೆ.

ಇನ್ನೊಂದು, ಶುಗರ್ ಇದೆಯಾ ಅಂತ ಕೇಳಲೇ ಇಲ್ಲ. ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ, ಮೊಣಕೈಗೂ ಶುಗರ್‌ಗೂ ಏನು ಸಂಬಂಧ ಅಂದುಕೊಂಡೆ. ಬೆಳಗಿನ ಹೊತ್ತು 130ರ ಆಸುಪಾಸಿನಲ್ಲಿ ಇರುತ್ತಿದ್ದ ಶುಗರ್ ಮಾರನೇ ದಿನ 190 ತೋರಿಸಿತು. ಐದಾರು ದಿನ ಹಾಗೇ ಇತ್ತು. ಸ್ಟೀರಾಯ್ಡ್ ಮೊಣಕೈಗೇ ಹಾಕಿದರೂ ಒಂದಷ್ಟು ರಕ್ತಕ್ಕೆ ಸೇರುತ್ತದೆ, ಶುಗರ್ ಏರಿಸುತ್ತದೆ. ಶುಗರ್ ಇರುವವರು ದಯವಿಟ್ಟು ಇದನ್ನು ಬಾಯಿ ಬಿಟ್ಟು ಹೇಳಿ. ಇಂಜೆಕ್ಷನ್ ಆದ ವಾರವಿಡೀ ಮನೆಯಲ್ಲಿ ಚೆಕ್ ಮಾಡಿಕೊಳ್ಳಿ.

ಮೂರನೇ ದಿನದಿಂದ ನೋವು ಇಳಿಯಿತು. ಒಂದು ವಾರಕ್ಕೆ ಪೂರ್ತಿ ಹೋಯಿತು. ನಿಜವಾಗಿ ಹೇಳುತ್ತೇನೆ, ಅಷ್ಟು ಸುಖ ನಾನು ಮರೆತೇ ಬಿಟ್ಟಿದ್ದೆ. ಕೈ ನನ್ನದೇ ಅನ್ನಿಸಿತು. ರಾತ್ರಿ ಹನ್ನೊಂದರ ತನಕ ಕತ್ತರಿಸಿದೆ, ಇಸ್ತ್ರಿ ಮಾಡಿದೆ, ಸೆಪ್ಟೆಂಬರ್ 7ರ ಗಣಪತಿಗೆ ಎಲ್ಲ ಆರ್ಡರ್ ಕೊಟ್ಟು ಮುಗಿಸಿದೆ. ನೋವಿಲ್ಲ ಅಂದರೆ ವಾಸಿಯಾಗಿದೆ ಅಂತಲೇ ಅಂದುಕೊಂಡಿದ್ದೆ. ಅದೇ ದೊಡ್ಡ ತಪ್ಪು ತಿಳುವಳಿಕೆ. ಸೆಪ್ಟೆಂಬರ್ ಕೊನೆಯಲ್ಲಿ ನೋವು ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ದೀಪಾವಳಿ ಎದುರಿಗಿತ್ತು. ಅಕ್ಟೋಬರ್ ಮಧ್ಯದಲ್ಲಿ ಎರಡನೇ ಇಂಜೆಕ್ಷನ್. ಈ ಸಲ ಸುಖ ಐದೇ ವಾರ. ಚುಚ್ಚಿದ ಜಾಗದಲ್ಲಿ ಎಂಟಾಣೆ ಅಗಲದಷ್ಟು ಚರ್ಮ ಬೆಳ್ಳಗಾಯಿತು, ಸ್ವಲ್ಪ ಗುಳಿಯೂ ಬಿತ್ತು. ಅದು ಬಿಳಿ ತೊನ್ನು ಅಂತ ಹೆದರಿ ಅಳುತ್ತಾ ಕೂತಿದ್ದೆ ಒಂದು ಸಂಜೆ. ತೊನ್ನಲ್ಲ, ಸ್ಟೀರಾಯ್ಡ್ ಚರ್ಮದ ಹತ್ತಿರ ಸೇರಿದರೆ ಬಣ್ಣ ಹೋಗುತ್ತದೆ, ಕೊಬ್ಬು ಕರಗುತ್ತದೆ. ನಮ್ಮ ಮೈಬಣ್ಣದವರಲ್ಲಿ ಅದು ಎದ್ದು ಕಾಣುತ್ತದೆ. ಈಗ ನಿಧಾನಕ್ಕೆ ಬಣ್ಣ ತುಂಬುತ್ತಿದೆ, ಗುಳಿ ಇನ್ನೂ ಇದೆ. ಡಿಸೆಂಬರ್‌ನಲ್ಲಿ ಮೂರನೇದು ಕೊಡುತ್ತೇನೆ ಅಂದರು. ನಾನು ಬೇಡ ಅಂದೆ.

ಜನವರಿಯಲ್ಲಿ ಮನೆ ಹತ್ತಿರವೇ ಒಂದು ಫಿಸಿಯೋ ಸೆಂಟರ್‌ಗೆ ಹೋದೆ. ಹತ್ತು ಸಿಟ್ಟಿಂಗ್‌ಗೆ 4,000 ರೂಪಾಯಿ, ಮುಂಗಡ. ಹೋದರೆ ಕೈಗೆ ಪ್ಯಾಡ್ ಅಂಟಿಸಿ ಕರೆಂಟ್ ಮೆಷಿನ್ ಹಾಕುವುದು, ಆಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ತಿಕ್ಕುವುದು, ಟೈಮರ್ ಕುಯ್ ಅಂದರೆ ಮನೆಗೆ. ಹತ್ತು ದಿನದಲ್ಲಿ ಯಾರೂ ಒಂದು ವ್ಯಾಯಾಮ ಹೇಳಿಕೊಡಲಿಲ್ಲ, ಏನು ಕೆಲಸ ಮಾಡುತ್ತೀರಿ ಅಂತ ಕೇಳಲಿಲ್ಲ. ಅದರ ಬಗ್ಗೆ ಇಷ್ಟೇ.

ನೌಪಾಡಾದ ಕ್ಲಿನಿಕ್ ತೋರಿಸಿಕೊಟ್ಟಿದ್ದು ನನ್ನ ಗಿರಾಕಿ ಒಬ್ಬರು, ಇಲ್ಲಿನ ಕನ್ನಡ ಸಂಘದಲ್ಲಿ ಪರಿಚಯವಾದವರು, ಶಾಲಾ ಟೀಚರ್. ಬೋರ್ಡ್ ಮೇಲೆ ಬರೆದು ಬರೆದು ಅವರಿಗೂ ಇದೇ ಆಗಿತ್ತು. "ದೂರ ಆಗುತ್ತೆ, ಆದ್ರೆ ಒಂದು ಸಲ ಹೋಗಿ ನೋಡು" ಅಂದರು. ಫೆಬ್ರವರಿ ಎರಡನೇ ವಾರ ಹೋದೆ. ಮಧ್ಯಾಹ್ನದ ಹೊತ್ತಿಗೆ ಟೈಮ್ ತಗೊಂಡಿದ್ದೆ, ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಹಿಡಿಕೆ ಹಿಡಿದು ನೇತಾಡುವ ಕೈ ನನಗೆ ಇರಲಿಲ್ಲ. ಮುಂಬ್ರಾ, ಕಳ್ವಾ ದಾಟಿ ಠಾಣೆ. ಸ್ಟೇಷನ್ ಪಶ್ಚಿಮಕ್ಕೆ ಇಳಿದು ಹತ್ತು ನಿಮಿಷ ನಡಿಗೆ. ಹಳೇ ಬಿಲ್ಡಿಂಗ್, ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೊಣಕೈಯವರಿಗೆ ಪರವಾಗಿಲ್ಲ, ಮೊಣಕಾಲಿನವರು ಆ ಮೆಟ್ಟಿಲು ಹತ್ತುವುದನ್ನು ನೋಡಿದರೆ ಸಂಕಟವಾಗುತ್ತದೆ. ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಮುಖ್ಯವಾಗಿ ಅದಕ್ಕೆ.

ಫಿಸಿಯೋ ಮೇಡಂ ಮರಾಠಿಯವರು, ಮೂವತ್ತರ ಆಸುಪಾಸು, ನನ್ನನ್ನು ಕಾಕೂ, ಅಂದರೆ ಚಿಕ್ಕಮ್ಮ, ಅಂತ ಕರೆದರು. ಮೊದಲ ದಿನ ನಲವತ್ತೈದು ನಿಮಿಷ ಮಾತಾಡಿಸಿದರು, ಮೆಷಿನ್ ಮುಟ್ಟಲೇ ಇಲ್ಲ. ಕತ್ತರಿ ಹೇಗೆ ಹಿಡಿಯುತ್ತೀರಿ, ತೋರಿಸಿ ಅಂದರು. ಇಸ್ತ್ರಿ ಪೆಟ್ಟಿಗೆ ತೂಕ ಎಷ್ಟು, ನಿಂತು ಕತ್ತರಿಸುವುದೋ ಕೂತೋ, ಕತ್ತರಿಗೆ ಸಾಣೆ ಯಾವಾಗ ಹಿಡಿಸಿದ್ದು. ಅಲ್ಲಿವರೆಗೆ ನನ್ನ ಕತ್ತರಿ ಬಗ್ಗೆ ಕೇಳಿದ ಮೊದಲ ವೈದ್ಯಕೀಯದವರು ಅವರು. ಆಮೇಲೆ ಪರೀಕ್ಷೆ. ಕೈ ಚಾಚಿ ಮುಷ್ಟಿ ಕಟ್ಟಿ ಮಣಿಕಟ್ಟು ಮೇಲೆತ್ತಿ ಅಂದು ತಾವು ಕೆಳಗೆ ಒತ್ತಿದರು, ನೋವು. ನಡುಬೆರಳು ಒಂದನ್ನೇ ಮೇಲೆತ್ತಿಸಿ ಒತ್ತಿದರು, ಇನ್ನೂ ನೋವು. ಕುತ್ತಿಗೆ ಆಚೀಚೆ ತಿರುಗಿಸಿ ನೋಡಿದರು, ಯಾಕಂದ್ರೆ ಕುತ್ತಿಗೆಯ ನರದ ತೊಂದರೆಯೂ ಕೆಲವು ಸಲ ಮೊಣಕೈ ನೋವಾಗಿ ಕಾಣಿಸಿಕೊಳ್ಳುತ್ತದಂತೆ. ಬೆರಳು ಜೋಮು ಹಿಡಿಯುತ್ತದೆಯೇ, ಮೊಣಕೈ ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತದೆಯೇ ಅಂತ ಕೇಳಿದರು. ಹಾಗೆ ಆಗುವವರು ಬರೀ ಟೆನ್ನಿಸ್ ಎಲ್ಬೋ ಅಂದುಕೊಂಡು ಕೂರಬಾರದು ಅಂದರು. ಕೊನೆಗೆ ಹಿಡಿತ ಅಳೆಯುವ ಮೀಟರ್ ಕೈಗೆ ಕೊಟ್ಟು, ನೋವು ಶುರುವಾಗುವ ತನಕ ಮಾತ್ರ ಒತ್ತಿ ಅಂದರು. ಎಡಗೈ 25 ಕಿಲೋ. ಬಲಗೈ 8. ಇಪ್ಪತ್ತೊಂದು ವರ್ಷ ಮನೆ ನಡೆಸಿದ ಕೈ ಅದು. ಆ 8 ನೋಡಿ ಗಂಟಲು ಕಟ್ಟಿತು.

ಆಮೇಲೆ ಅವರು ಹೇಳಿದ್ದು ನನಗೆ ಎಲ್ಲವನ್ನೂ ತಿಳಿಯಾಗಿಸಿತು. ನಾವು ಏನನ್ನಾದರೂ ಬಿಗಿಯಾಗಿ ಹಿಡಿದಾಗ ಬೆರಳು ಒಳಗೆ ಮಡಚುತ್ತವೆ. ಆಗ ಮಣಿಕಟ್ಟೂ ಒಳಗೆ ಬಾಗಿಬಿಡಬಾರದು ಅಂತ ಮುಂಗೈಯ ಹಿಂಬದಿಯ ಸ್ನಾಯುಗಳು ಅದನ್ನು ಎಳೆದು ನಿಲ್ಲಿಸುತ್ತವೆ. ಆ ಸ್ನಾಯುಗಳ ಬುಡ ಇರುವುದು ಮೊಣಕೈ ಹೊರಗಿನ ಗಂಟಿನಲ್ಲಿ. ಹಾಗಾಗಿ ಹಿಡಿಯುವುದು ಬೆರಳಾದರೂ ನೋವು ಮೊಣಕೈಗೆ. ಅದರಲ್ಲೂ ಒಂದು ಸ್ನಾಯುವಿನ ಟೆಂಡನ್, ಅಂದರೆ ಎಲುಬಿಗೆ ಅಂಟಿಸುವ ಗಟ್ಟಿ ನಾರು, ಜಾಸ್ತಿ ಹಾಳಾಗುತ್ತದೆ. ಎಕ್ಸ್‌ಟೆನ್ಸರ್ ಕಾರ್ಪೈ ರೇಡಿಯಾಲಿಸ್ ಬ್ರೆವಿಸ್ ಅಂತ ಅದರ ಹೆಸರು, ನಾನು ಬರೆದುಕೊಂಡು ಬಂದೆ. ಬಿಗಿ ಬ್ಲೌಸಿನ ಕಂಕುಳ ಹೊಲಿಗೆ ಹೇಗೆ ದಿನಾ ಎಳೆದು ಎಳೆದು ಜೂಲು ಬರುತ್ತದೆಯೋ ಹಾಗೆ ಅಂತ ನಾನು ಅಂದೆ. ಮೇಡಂ, "ಹೌದು ಕಾಕೂ, ಹಾಗೇ" ಅಂದರು.

ಮುಖ್ಯ ಮಾತು ಇದು: ತುಂಬಾ ದಿನದ ಟೆನ್ನಿಸ್ ಎಲ್ಬೋದಲ್ಲಿ ಬಾವು ಅಷ್ಟಾಗಿ ಇರುವುದಿಲ್ಲ. ಆ ನಾರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಕಂಡಿದ್ದು ಎಳೆ ತಪ್ಪಿ ಸಿಕ್ಕಾದ, ಸರಿಯಾಗಿ ರಿಪೇರಿ ಆಗದ ನಾರು. ಸ್ಟೀರಾಯ್ಡ್ ಬಾವು ಇಳಿಸುವ ಔಷಧಿ. ನೋವನ್ನು ಅದು ಚೆನ್ನಾಗಿ ತಗ್ಗಿಸುತ್ತದೆ, ಆದರೆ ನಾರನ್ನು ರಿಪೇರಿ ಮಾಡುವುದಿಲ್ಲ, ರಿಪೇರಿ ಮಾಡುವ ಕಣಗಳ ಕೆಲಸವನ್ನೂ ಕುಗ್ಗಿಸುತ್ತದೆ. ಮೊದಲ ಇಂಜೆಕ್ಷನ್ ಆದ ಮೇಲೆ ನೋವಿಲ್ಲದ ಆ ವಾರಗಳಲ್ಲಿ ನಾನು ಮಾಡಿದ್ದೇನು? ಜೂಲು ಬಂದ ಹೊಲಿಗೆಯನ್ನೇ ಹಿಡಿದು ಅರವತ್ತು ಬ್ಲೌಸ್‌ನಷ್ಟು ಎಳೆದೆ.

ಮೇಡಂ ತಮ್ಮ ಕಂಪ್ಯೂಟರ್‌ನಲ್ಲಿ ಮೂರು ಅಧ್ಯಯನ ತೋರಿಸಿದರು. ನಾನು ಅಳತೆ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡೆ. 2002ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದ್ದು, ನೆದರ್ಲ್ಯಾಂಡ್ಸ್‌ನಲ್ಲಿ 185 ಜನರ ಮೇಲೆ ಮಾಡಿದ್ದು. ಆರು ವಾರಕ್ಕೆ ಇಂಜೆಕ್ಷನ್ ತಗೊಂಡವರಲ್ಲಿ ನೂರಕ್ಕೆ 92 ಜನ ಚೆನ್ನಾಗಿದ್ದರು, ಫಿಸಿಯೋದವರು 47, ಏನೂ ಮಾಡದೆ ಕಾದವರು 32. ಒಂದು ವರ್ಷಕ್ಕೆ ನೋಡಿದರೆ ಇಂಜೆಕ್ಷನ್ 69, ಫಿಸಿಯೋ 91, ಕಾದವರು 83. ಪೂರ್ತಿ ತಲೆಕೆಳಗು! 2006ರಲ್ಲಿ ಬ್ರಿಸ್ಬೇನ್‌ನಲ್ಲಿ 198 ಜನರ ಮೇಲೆ ಮಾಡಿದ್ದರಲ್ಲಿ ಇಂಜೆಕ್ಷನ್‌ನಿಂದ ಮೊದಲು ಗುಣವಾದವರಲ್ಲಿ ನೂರಕ್ಕೆ 72 ಜನರಿಗೆ ನೋವು ವಾಪಸ್ ಬಂತು. 2013ರದ್ದು ಇನ್ನೂ ಗಟ್ಟಿ, ಯಾಕಂದ್ರೆ ಅದರಲ್ಲಿ 165 ಜನರಲ್ಲಿ ಕೆಲವರಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಕೆಲವರಿಗೆ ಔಷಧಿ ಇಲ್ಲದ ಇಂಜೆಕ್ಷನ್ ಕೊಟ್ಟರು, ತಮಗೆ ಯಾವುದು ಅಂತ ರೋಗಿಗೆ ಗೊತ್ತಿಲ್ಲ. ಒಂದು ವರ್ಷಕ್ಕೆ ಸ್ಟೀರಾಯ್ಡ್‌ನವರಲ್ಲಿ ನೂರಕ್ಕೆ 83 ಜನ ಚೆನ್ನಾಗಿದ್ದರು, ಸುಮ್ನೆ ಚುಚ್ಚಿಸಿಕೊಂಡವರಲ್ಲಿ 96. ನೋವು ಮರಳಿ ಬಂದಿದ್ದು ಸ್ಟೀರಾಯ್ಡ್‌ನವರಲ್ಲಿ 54, ಇನ್ನೊಂದು ಗುಂಪಿನವರಲ್ಲಿ 12. ನನಗೆ ಆಗಿದ್ದು ನನ್ನ ಹಣೆಬರಹ ಅಲ್ಲ, ಹೀಗೆ ಆಗುವುದು ಮೊದಲೇ ಗೊತ್ತಿದ್ದ ಸಂಗತಿ ಅಂತ ತಿಳಿದಾಗ ಸಮಾಧಾನವೂ ಆಯಿತು, ಸಿಟ್ಟೂ ಬಂತು.

ಮೊದಲ ಅಧ್ಯಯನದಲ್ಲಿ ಸುಮ್ನೆ ಕಾದವರ ಆ 83 ನೋಡಿ ನಾನು ಕೇಳಿದೆ, ಕಾದರೂ ಸಾಕಲ್ವಾ ಹಾಗಾದರೆ? ಮೇಡಂ ಮುಚ್ಚಿಡಲಿಲ್ಲ. ಹೌದು, ಹೆಚ್ಚಿನವರಿಗೆ ಒಂದು ಒಂದೂವರೆ ವರ್ಷದಲ್ಲಿ ತಾನಾಗಿಯೇ ಇಳಿಯುತ್ತದೆ, ವ್ಯಾಯಾಮದಿಂದ ಬೇಗ ಕೆಲಸಕ್ಕೆ ಮರಳಬಹುದು, ಕೈ ಬಲ ಉಳಿಯುತ್ತದೆ ಅಂದರು. ಇಂಜೆಕ್ಷನ್ ಆಗಿರುವವರಿಗೆ ತಡವಾಗಬಹುದು ಅಂತಲೂ ಹೇಳಿದರು. 2013ರ ಅಧ್ಯಯನದಲ್ಲಿ ಸ್ಟೀರಾಯ್ಡ್ ಆದವರಿಗೆ ಫಿಸಿಯೋ ಸೇರಿಸಿದರೂ ವರ್ಷದ ಕೊನೆಗೆ ಹೆಚ್ಚಿನ ಲಾಭ ಕಾಣಲಿಲ್ಲವಂತೆ. ಗಿರಾಕಿಗೆ ಇಷ್ಟು ನೇರವಾಗಿ ಹೇಳುವವರು ಕಡಿಮೆ. ಸೀರೆ ಅಂಗಡಿಯಲ್ಲಿ ಈ ಬಣ್ಣ ನಿಮಗೆ ಒಪ್ಪುವುದಿಲ್ಲ ಅಂತ ಹೇಳುವವರನ್ನು ನಂಬಬಹುದು ಅಂತ ನಮ್ಮಮ್ಮ ಹೇಳುತ್ತಿದ್ದರು. ನನಗೆ ಈ ಕ್ಲಿನಿಕ್ ಮೇಲೆ ನಂಬಿಕೆ ಹುಟ್ಟಿದ್ದು ಅಲ್ಲಿ.

ವ್ಯಾಯಾಮ ಹೇಳುತ್ತೇನೆ, ಆದರೆ ಇದನ್ನು ಓದಿ ಹಾಗೇ ಶುರು ಮಾಡಬೇಡಿ, ಒಮ್ಮೆ ತೋರಿಸಿಕೊಂಡು ಮಾಡಿ. ಮೊದಲ ಎರಡು ವಾರ ಕೈ ಅಲುಗಿಸುವುದೇ ಇಲ್ಲ. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಗೆ, ಎಡಗೈಯನ್ನು ಬಲಗೈ ಮೇಲಿಟ್ಟು ಒತ್ತುವುದು, ಬಲಗೈ ಮೇಲಕ್ಕೆ ಒತ್ತುವುದು, ಎರಡೂ ಕದಲಬಾರದು. 45 ಸೆಕೆಂಡ್, ಐದು ಸಲ, ದಿನಕ್ಕೆ ಎರಡು ಹೊತ್ತು. ಇಷ್ಟೇನಾ ಅನ್ನಿಸಿತು. ಆದರೆ ಮಾಡಿದ ಮೇಲೆ ಅರ್ಧ ಗಂಟೆ ನೋವು ಕಡಿಮೆ ಇರುತ್ತಿತ್ತು, ಆ ಹೊತ್ತಲ್ಲೇ ಅಡುಗೆ ಮುಗಿಸುತ್ತಿದ್ದೆ.

ಮೂರನೇ ವಾರದಿಂದ ಅರ್ಧ ಲೀಟರ್ ನೀರಿನ ಬಾಟಲಿ. ಮುಂಗೈ ಮೇಜಿನ ಮೇಲೆ, ಮಣಿಕಟ್ಟು ಅಂಚಿನಿಂದ ಹೊರಗೆ. ಬಾಟಲಿ ಹಿಡಿದ ಕೈಯನ್ನು ಎಡಗೈಯಿಂದ ಮೇಲೆತ್ತಬೇಕು, ಆಮೇಲೆ ಎಡಗೈ ಬಿಟ್ಟು ನಾಲ್ಕು ಎಣಿಸುತ್ತಾ ನಿಧಾನಕ್ಕೆ ಕೆಳಗಿಳಿಸಬೇಕು. ಹದಿನೈದು ಸಲ, ಮೂರು ಸುತ್ತು. ಇಳಿಸುವುದರಲ್ಲೇ ಔಷಧಿ ಇರುವುದು, ಅವಸರ ಮಾಡಬೇಡಿ ಅಂತ ಪ್ರತೀ ಸಲ ಹೇಳುತ್ತಿದ್ದರು. ನೋವು ಸ್ವಲ್ಪ ಬಂದರೆ ಹೆದರಬೇಡಿ, ಹತ್ತರಲ್ಲಿ ಮೂರು ನಾಲ್ಕು ಇದ್ದರೆ ನಡೆಯುತ್ತದೆ, ಆದರೆ ಮರುದಿನ ಬೆಳಿಗ್ಗೆ ಅದು ಉಳಿದಿರಬಾರದು. ಇದೊಂದು ನಿಯಮ ನನಗೆ ತುಂಬಾ ಉಪಯೋಗವಾಯಿತು. ಅದಕ್ಕೂ ಮುಂಚೆ ನೋವು ಅಂದರೆ ಕೈ ಹಾಳಾಗುತ್ತಿದೆ ಅಂತ ಹೆದರಿ ಪೂರ್ತಿ ನಿಲ್ಲಿಸುತ್ತಿದ್ದೆ, ಇಲ್ಲವೇ ಹಲ್ಲು ಕಚ್ಚಿಕೊಂಡು ಇಡೀ ದಿನ ಎಳೆಯುತ್ತಿದ್ದೆ. ಎರಡೂ ತಪ್ಪು. ನಾರು ಗಟ್ಟಿಯಾಗಬೇಕಾದರೆ ಅದಕ್ಕೆ ಭಾರ ಬೇಕು, ತಾಳುವಷ್ಟೇ ಬೇಕು.

ಆಮೇಲೆ ಒಂದು ಕಿಲೋ ಡಂಬೆಲ್, ಕೊನೆಗೆ ಒಂದೂವರೆ. ಒಂದು ದಿನ ಬಿಟ್ಟು ಒಂದು ದಿನ. ಜೊತೆಗೆ ಲಟ್ಟಣಿಗೆಯನ್ನು ಒಂದು ತುದಿಯಲ್ಲಿ ಹಿಡಿದು ಅಂಗೈ ಮೇಲೆ ಕೆಳಗೆ ತಿರುಗಿಸುವುದು, ದಪ್ಪ ರಬ್ಬರ್ ಕೋಲನ್ನು ತಿರುಚಿ ನಿಧಾನಕ್ಕೆ ಬಿಡುವುದು, ಭುಜಕ್ಕೆ ರಬ್ಬರ್ ಪಟ್ಟಿ ಎಳೆಯುವುದು. ಭುಜ ಯಾಕೆ ಅಂತ ಕೇಳಿದೆ. ಭುಜ ದುರ್ಬಲವಾದರೆ ಅದರ ಕೆಲಸವೂ ಮುಂಗೈ ಮೇಲೆ ಬೀಳುತ್ತದೆ ಅಂದರು.

ಐದನೇ ವಾರ ಒಂದು ಮದುವೆ ಆರ್ಡರ್, ಹನ್ನೆರಡು ಬ್ಲೌಸ್. ಬೇಡ ಅನ್ನಲು ಆಗಲಿಲ್ಲ, ಹಳೇ ಗಿರಾಕಿ. ಮೂರನೇ ದಿನ ರಾತ್ರಿ ನೋವು ಮತ್ತೆ ಎಂಟಕ್ಕೆ ಹೋಯಿತು. ಎಲ್ಲ ಮುಗಿಯಿತು ಅಂದುಕೊಂಡೆ. ಇಂಜೆಕ್ಷನ್ ನೆನಪಾಯಿತು, ಸುಳ್ಳು ಹೇಳುವುದಿಲ್ಲ. ಮೇಡಂಗೆ ವಾಟ್ಸಾಪ್ ಮಾಡಿದೆ. ಅರ್ಧ ಗಂಟೆಯಲ್ಲಿ ಫೋನ್ ಮಾಡಿದರು: ನಿಲ್ಲಿಸಬೇಡಿ, ಮೂರು ದಿನ ಬಾಟಲಿ ಬಿಟ್ಟು ಮೊದಲಿನ ಅಲುಗಿಸದ ವ್ಯಾಯಾಮಕ್ಕೆ ಹೋಗಿ, ಇಸ್ತ್ರಿ ಬೇರೆಯವರ ಕೈಲಿ ಮಾಡಿಸಿ. ನಾಲ್ಕನೇ ದಿನಕ್ಕೆ ಮೊದಲಿನ ಹಾಗಾಯಿತು. ಆ ಒಂದು ಫೋನ್‌ಗೆ ದುಡ್ಡು ತಗೊಳ್ಳಲಿಲ್ಲ. ಆ ರಾತ್ರಿ ಆ ಫೋನ್ ಬರದಿದ್ದರೆ ಮೂರನೇ ಇಂಜೆಕ್ಷನ್ ಆಗಿಬಿಡುತ್ತಿತ್ತು.

ಕೆಲಸದಲ್ಲಿ ಮಾಡಿದ ಬದಲಾವಣೆ ವ್ಯಾಯಾಮದಷ್ಟೇ ಮುಖ್ಯ. ಕತ್ತರಿಗೆ ತಿಂಗಳಿಗೊಮ್ಮೆ ಸಾಣೆ ಹಿಡಿಸುತ್ತೇನೆ, ಮೊದಲು ವರ್ಷಕ್ಕೆ ಒಂದು ಸಲ ಇತ್ತು. ಮೊಂಡು ಕತ್ತರಿಯಲ್ಲಿ ಎಷ್ಟು ಬಲ ಹಾಕುತ್ತಿದ್ದೆ ಅಂತ ಸಾಣೆ ಹಿಡಿಸಿದ ದಿನವೇ ಗೊತ್ತಾಯಿತು. ಅಸ್ತರ್ ಮೂರು ಪದರ ಬದಲು ಎರಡೇ. ಭಾರದ ಇಸ್ತ್ರಿ ಕೊಟ್ಟು ಹಗುರದ್ದು ತಗೊಂಡೆ. ಚೀಲ, ಕೊಡ ಏನೇ ಎತ್ತುವಾಗ ಅಂಗೈ ಮೇಲ್ಮುಖವಾಗಿ, ಮೊಣಕೈ ಮೈಗೆ ಹತ್ತಿರ. ಅಂಗೈ ಕೆಳಗೆ ಮಾಡಿ ಕೈ ಚಾಚಿ ಎತ್ತಿದರೆ ಪೂರ್ತಿ ಭಾರ ಅದೇ ನಾರಿಗೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕತ್ತರಿ ಬಿಟ್ಟು ಹುಕ್ ಹಚ್ಚುವುದೋ ಹೆಮ್ಮಿಂಗೋ ಮಾಡುತ್ತೇನೆ. ಮೊಣಕೈ ಪಟ್ಟಿ ಕಟ್ಟುವವರಿಗೆ ಒಂದು ಮಾತು: ಅದನ್ನು ನೋವಿರುವ ಗಂಟಿನ ಮೇಲೆ ಕಟ್ಟುವುದಲ್ಲ. ಗಂಟಿನಿಂದ ಎರಡು ಬೆರಳು ಕೆಳಗೆ, ಮುಂಗೈಯ ದಪ್ಪ ಭಾಗದ ಮೇಲೆ. ನಾನು ಆರು ತಿಂಗಳು ತಪ್ಪು ಜಾಗದಲ್ಲಿ ಕಟ್ಟಿದ್ದೆ. ಕೆಲಸದ ಹೊತ್ತಲ್ಲಿ ಮಾತ್ರ ಹಾಕಿ, ಮಲಗುವಾಗ ಬಿಚ್ಚಿ.

ದುಡ್ಡಿನ ವಿಷಯ. ಈ ಕ್ಲಿನಿಕ್‌ನಲ್ಲಿ ಮೊದಲ ಭೇಟಿ 800, ಆಮೇಲೆ ಪ್ರತೀ ಸಲ 600. ದಿನಾ ಬನ್ನಿ ಅನ್ನುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಎಂಟು ವಾರ ವಾರಕ್ಕೊಂದು, ಆಮೇಲೆ ಹದಿನೈದು ದಿನಕ್ಕೊಂದು ಮೂರು ಸಲ. ಒಟ್ಟು ಹನ್ನೊಂದು ಭೇಟಿ, 6,800 ರೂಪಾಯಿ. ಅದಕ್ಕೂ ಮೊದಲು ಎರಡು ಇಂಜೆಕ್ಷನ್, ಎಕ್ಸ್‌ರೇ, ಆ ಮೆಷಿನ್ ಪ್ಯಾಕೇಜ್ ಎಲ್ಲ ಸೇರಿ 8,100 ಹೋಗಿತ್ತು. ಮನೆಯವರ ಇನ್ಶೂರೆನ್ಸ್‌ನಲ್ಲಿ ಅಡ್ಮಿಟ್ ಆಗದೆ ಖರ್ಚು ಸಿಗಲ್ಲ. ಇಷ್ಟೂ ಕಷ್ಟ ಅನ್ನುವವರಿಗೆ ಮುಂಬೈಯಲ್ಲಿ ಕೆಇಎಂ, ಸಯನ್ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗ ಇದೆ, ಹಾಜಿ ಅಲಿ ಹತ್ತಿರ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆಯೂ ಇದೆ. ಸಾಲು ಇರುತ್ತದೆ, ಒಂದು ದಿನದ ಕೆಲಸ ಹೋಗುತ್ತದೆ, ಆದರೆ ವ್ಯಾಯಾಮ ಕಲಿತು ಬಂದರೆ ಮನೆಯಲ್ಲೇ ಮಾಡಬಹುದಲ್ವಾ.

ಕ್ಲಿನಿಕ್ ಬಗ್ಗೆ ದೂರು ಇಲ್ಲದೆ ಇಲ್ಲ. ಲಿಫ್ಟ್ ಹೇಳಿದೆ. ಸಂಜೆ ಆರರ ಮೇಲೆ ಟೈಮ್ ಸಿಗುವುದೇ ಇಲ್ಲ, ಆಫೀಸಿಗೆ ಹೋಗುವವರು ಎರಡು ವಾರ ಮುಂಚೆ ಹೇಳಿಡಬೇಕು. ವ್ಯಾಯಾಮದ ಹಾಳೆ ಮರಾಠಿ, ಇಂಗ್ಲಿಷ್‌ನಲ್ಲಿ ಮಾತ್ರ. ನಾನು ಕನ್ನಡದಲ್ಲಿ ಬರೆದುಕೊಂಡಿದ್ದೇನೆ, ಬೇಕಾದವರಿಗೆ ಕಳಿಸುತ್ತೇನೆ. ಮೊಣಕೈ ಪಟ್ಟಿ ಅಲ್ಲಿ ತಗೊಳ್ಳಬೇಡಿ, ಕೆಳಗಿನ ಮೆಡಿಕಲ್‌ನಲ್ಲಿ ಅದೇ ಪಟ್ಟಿ ನೂರು ರೂಪಾಯಿ ಕಡಿಮೆ.

ಇಂಜೆಕ್ಷನ್ ಯಾರೂ ತಗೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ, ಅದನ್ನು ಹೇಳಬೇಕಾದವರು ಡಾಕ್ಟರ್. ಎರಡು ರಾತ್ರಿ ನಿದ್ದೆ ಇಲ್ಲದವರ ಕಷ್ಟ ನನಗೆ ಗೊತ್ತು. ಆದರೆ ತಗೊಳ್ಳುವ ಮೊದಲು ಕೇಳಿ: ಒಂದು ವರ್ಷದ ಮೇಲೆ ನನ್ನ ಕೈ ಹೇಗಿರುತ್ತದೆ, ನೋವಿಲ್ಲದ ಆ ಕೆಲವು ವಾರದಲ್ಲಿ ನಾನು ಏನು ಮಾಡಬಾರದು, ನನ್ನ ಶುಗರ್‌ಗೆ ಏನಾಗುತ್ತದೆ. ಎರಡನೇದಕ್ಕೆ ಕೈ ಚಾಚುವ ಮೊದಲು ಇನ್ನೊಬ್ಬರ ಅಭಿಪ್ರಾಯ ತಗೊಳ್ಳಿ. ನನಗೆ ಆ ಮೂರು ಪ್ರಶ್ನೆ ಗೊತ್ತಿದ್ದಿದ್ದರೆ ಎರಡನೇದು ಖಂಡಿತ ಆಗುತ್ತಿರಲಿಲ್ಲ.

ಕೊನೆಯ ಭೇಟಿ ಮೇ ಮಧ್ಯದಲ್ಲಿ ಆಯಿತು. ಮೀಟರ್ ಒತ್ತಿದೆ, ನೋವಿಲ್ಲದೆ 22 ಕಿಲೋ. ಮೇಡಂ ನನಗಿಂತ ಮುಂಚೆ ಚಪ್ಪಾಳೆ ತಟ್ಟಿದರು. ಈಗ ಜೂನ್. ಬಟ್ಟೆ ಹಿಂಡಬಲ್ಲೆ, ಕುಕ್ಕರ್ ಎತ್ತಬಲ್ಲೆ, ಒಂದೇ ದಿನ ಆರು ಬ್ಲೌಸ್ ಕತ್ತರಿಸಿದರೆ ಸಂಜೆ ಗಂಟಿನ ಹತ್ತಿರ ಸಣ್ಣಗೆ ಮಿಡಿಯುತ್ತದೆ, ಬೆಳಿಗ್ಗೆ ಇರುವುದಿಲ್ಲ. ಈ ವರ್ಷದ ಗಣಪತಿಗೆ ನಲವತ್ತಕ್ಕಿಂತ ಜಾಸ್ತಿ ಆರ್ಡರ್ ತಗೊಳ್ಳುವುದಿಲ್ಲ ಅಂತ ಗಿರಾಕಿಗಳಿಗೆ ಈಗಲೇ ಹೇಳಿದ್ದೇನೆ. ಡಂಬೆಲ್ ಮೆಷಿನ್ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ, ವಾರಕ್ಕೆ ಮೂರು ದಿನ.